ಸೀರೆಯಿಂದ ಮಸಿಬಟ್ಟೆಯವರೆಗೆ: ಬಟ್ಟೆಯನ್ನು ಬಾಳಿಸುವುದು ಹೇಗೆ?

ಒಗೆದ ನೀರನ್ನು ಬಚ್ಚಲಿಗೆ ಚೆಲ್ಲುವ ಮುಂಚೆ ಒಂದು ಮಗ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಎಳೆಗಳು ತೇಲುತ್ತಿರುತ್ತವೆ. ಅವು ನಿಮ್ಮ ಬಟ್ಟೆಯವೇ. ಪ್ರತಿ ಸಲ ಒಗೆದಾಗಲೂ ಬಟ್ಟೆ ಒಂದಿಷ್ಟು ಸವೆಯುತ್ತದೆ. ಎಷ್ಟೋ ಅಂಗಿ, ಸೀರೆಗಳು ಮೈಮೇಲೆ ಸವೆದದ್ದಕ್ಕಿಂತ ಬ್ರಷ್ಷಿನ ಕೆಳಗೆ, ಒಗೆಯುವ ಕಲ್ಲಿನ ಮೇಲೆ ಸವೆದದ್ದೇ ಜಾಸ್ತಿ. ಹಾಗಾಗಿ ಬಟ್ಟೆಯಲ್ಲಿ ದುಡ್ಡು ಉಳಿಸಬೇಕೆಂದರೆ ಬಕೆಟ್ಟಿನಿಂದಲೇ ಶುರು ಮಾಡಬೇಕು. ಕತ್ತರಿ, ಸೂಜಿ ಆಮೇಲೆ.

ಮೊದಲು ಸೋಪಿನ ಲೆಕ್ಕ

ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಬೇಳೆ ಬೇಯದ ನೀರು ಅಂತಾರಲ್ಲ, ಅದೇ. ಇಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತವೆ. ಆ ಗಸಿ ಬಟ್ಟೆಯೊಳಗೆ ಕೂತು ಬಿಳಿ ಪಂಚೆಯನ್ನು ಬೂದಿ ಬಣ್ಣಕ್ಕೆ ತರುತ್ತದೆ, ಟವೆಲ್ಲನ್ನು ಹಪ್ಪಳದ ಹಾಗೆ ಮಾಡುತ್ತದೆ. ಕೊಳೆ ಹೋಗಿಲ್ಲ ಅಂದುಕೊಂಡು ನಾವು ಇನ್ನೊಂದು ಚಮಚ ಪೌಡರ್ ಸುರಿಯುತ್ತೇವೆ. ಗಸಿ ಇನ್ನೂ ಹೆಚ್ಚುತ್ತದೆ.

ಒಂದು ಪರೀಕ್ಷೆ ಮಾಡಿ. ಒಗೆದು ಒಣಗಿಸಿ ಮಡಚಿಟ್ಟ ಟವೆಲ್ ಒಂದನ್ನು ಬಿಸಿ ನೀರಿನಲ್ಲಿ ಹಾಕಿ ಕೈಯಿಂದ ಕುಲುಕಿ. ಸೋಪು ಹಾಕಬೇಡಿ. ನೊರೆ ಬಂತಾ? ಹಾಗಾದರೆ ಹಿಂದಿನ ಸಲದ ಸೋಪು ಇನ್ನೂ ಅದರಲ್ಲೇ ಇದೆ. ಮುಂದಿನ ಸಲ ಪೌಡರ್ ಮುಕ್ಕಾಲು ಪಾಲು ಹಾಕಿ ನೋಡಿ, ಆಮೇಲೆ ಅರ್ಧ. ಬಟ್ಟೆ ಕೊಳೆಯಾಗಿ ಕಾಣುವವರೆಗೂ ಇಳಿಸುತ್ತಾ ಬನ್ನಿ, ನಿಮ್ಮ ನೀರಿಗೆ ಎಷ್ಟು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಪೌಡರನ್ನು ಮೊದಲು ಒಂದು ಮಗ್ ಬೆಚ್ಚಗಿನ ನೀರಿನಲ್ಲಿ ಕರಗಿಸಿಕೊಂಡರೆ ಕಡಿಮೆಯೇ ಸಾಕಾಗುತ್ತದೆ.

ಗಟ್ಟಿಯಾದ ಟವೆಲ್ಲಿಗೆ ಒಗೆಯುವ ಸೋಡಾ ಒಳ್ಳೆಯದು. ಅಡುಗೆ ಸೋಡಾ ಬೇರೆ, ಇದು ಬೇರೆ. ಅರ್ಧ ಬಕೆಟ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಹಾಕಿ, ಒಂದು ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ಕೈ ಉರಿಯುತ್ತದೆ, ಗ್ಲೌಸ್ ಹಾಕಿಕೊಳ್ಳಿ. ರೇಷ್ಮೆ, ಉಣ್ಣೆಗೆ ಮಾತ್ರ ಇದನ್ನು ಮುಟ್ಟಿಸಲೇಬೇಡಿ, ಎಳೆ ಹಾಳಾಗುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಕೊನೆಯಲ್ಲಿ ಹಾಕುವ ಕಂಡೀಷನರ್ ಕೂಡ ಟವೆಲ್ಲಿಗೆ ಬೇಡ. ಅದು ಎಳೆಗಳ ಮೇಲೆ ಪದರದ ಹಾಗೆ ಕೂರುತ್ತದೆ, ಆಮೇಲೆ ಟವೆಲ್ ನೀರು ಹೀರುವುದಿಲ್ಲ.

ಕಲೆಗೆ ಅವಸರ ಬೇಡ

ಒಂದು ಮದುವೆ ಊಟದಲ್ಲಿ ಅಪ್ಪನ ಬಿಳಿ ಪಂಚೆಗೆ ಹುಳಿ ಚೆಲ್ಲಿತ್ತು. ನಾನು ಮನೆಗೆ ಬಂದವಳೇ ಸೋಪು ಹಚ್ಚಿ ಉಜ್ಜಿದೆ. ಹಳದಿ ಕಲೆ ಕಣ್ಣೆದುರಿಗೇ ಕುಂಕುಮದ ಹಾಗೆ ಕೆಂಪಾಯಿತು. ಪಂಚೆ ಹೋಯಿತು ಅಂತ ನಾನು ಗಾಬರಿಯಾದರೆ ಅಮ್ಮ, 'ಆರತಿ ನೀರು ನೋಡಿಲ್ವಾ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗಲ್ವಾ?' ಅಂದರು. ಅದೇ ಆಗಿದ್ದು. ಸುಣ್ಣದ ಹಾಗೆ ಸೋಪಿನಲ್ಲೂ ಕ್ಷಾರ ಇದೆ. ಅದು ತಗುಲಿದರೆ ಅರಿಶಿನ ಕೆಂಪಾಗುತ್ತದೆ, ಅಷ್ಟೇ. ಚೆನ್ನಾಗಿ ಜಾಲಿಸಿದ ಮೇಲೆ ಕೆಂಪು ಹೋಗಿ ಹಳದಿ ಉಳಿಯಿತು. ಆ ಪಂಚೆಯನ್ನು ಒದ್ದೆಯಿರುವಾಗಲೇ ಕಲೆ ಮೇಲೆ ಬರುವ ಹಾಗೆ ಬಿಸಿಲಿಗೆ ಹರಡಿದೆವು. ಎರಡು ದಿನದ ಬಿಸಿಲಿಗೆ ಕಲೆ ಎಲ್ಲಿತ್ತು ಅಂತ ಹುಡುಕಬೇಕಾಯಿತು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬಿಸಿಲಿನಂಥ ಅಗ್ಗದ ಬ್ಲೀಚ್ ಇನ್ನೊಂದಿಲ್ಲ. ಬಣ್ಣದ ಬಟ್ಟೆಯನ್ನು ಮಾತ್ರ ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಹಾಕಿ.

ರಕ್ತದ ಕಲೆಗೆ ತಣ್ಣೀರು. ಬಿಸಿ ನೀರು ಬಿದ್ದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಎಣ್ಣೆ ಚೆಲ್ಲಿದರೆ ನೀರು ಹಾಕುವ ಮುಂಚೆ ಕಡಲೆಹಿಟ್ಟು ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ. ಕಾಲರ್ ಕೊಳೆಗೆ ಬಾರ್ ಸೋಪು ಹಚ್ಚಿ ಹದಿನೈದು ನಿಮಿಷ ಸುಮ್ನೆ ಬಿಡಿ, ಬ್ರಷ್ ಬೇಕಾಗುವುದೇ ಇಲ್ಲ. ಬಾಳೆಯ ಸೊನೆಗೆ ನಾನು ಮದ್ದು ಕಂಡಿಲ್ಲ. ಬಾಳೆದಿಂಡು ಹೆಚ್ಚುವಾಗ ಮಡಿಲಿಗೆ ಹಳೆ ಬಟ್ಟೆ ಹಾಕಿಕೊಳ್ಳುವುದೇ ದಾರಿ. ಇನ್ನೊಂದು ಮಾತು ಮರೆಯಬೇಡಿ: ಕ್ಲೋರಿನ್ ಬ್ಲೀಚಿಗೆ ವಿನೆಗರ್, ನಿಂಬೆರಸ ಬೆರೆಸಬಾರದು. ವಿಷದ ಗಾಳಿ ಏಳುತ್ತದೆ.

ನೀರಿನ ವಿಷಯ. ಒಂದು ಗಂಟು ಬಟ್ಟೆ ಜಾಲಿಸಿದ ಕೊನೆಯ ನೀರು ಮುಂದಿನ ಗಂಟಿಗೆ ನೆನೆಹಾಕುವ ನೀರಾಗಲಿ. ಉಳಿದದ್ದು ನೆಲ ಒರೆಸಲು, ಟಾಯ್ಲೆಟ್ಟಿಗೆ. ಕುಂಡದ ಗಿಡಕ್ಕೆ ಪೌಡರ್ ನೀರು ಹಾಕಬೇಡಿ, ಅದರ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ.

ಅಂಟುವಾಳ ಮತ್ತು ಗಂಜಿ

ರೇಷ್ಮೆ, ಉಣ್ಣೆಗೆ ಇವತ್ತಿಗೂ ನಾನು ನಂಬುವುದು ಅಂಟುವಾಳವನ್ನೇ. ಹತ್ತು ಕಾಯಿ ಜಜ್ಜಿ ಬೀಜ ತೆಗೆಯಿರಿ. (ಕರಿ ಗೋಲಿಯಂಥ ಆ ಬೀಜ ಎಸೆಯಬೇಡಿ, ಅಳಗುಳಿಮಣೆಗೆ ಆಗುತ್ತದೆ.) ಸಿಪ್ಪೆಯನ್ನು ಒಂದು ಲೀಟರ್ ಬಿಸಿ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಸೇರಿಸಿ. ಸೀರೆಯ ಒಂದು ಮೂಲೆ ಅದ್ದಿ, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಬಿಡದಿದ್ದರೆ ಎರಡು ಮೂರು ನಿಮಿಷ ಅದ್ದಿ ತೆಗೆದು, ಜಾಲಿಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿಗೆ ಹಾಕಿ. ಬಿಳಿ ರೇಷ್ಮೆಗೆ ಬೇಡ, ಕಂದು ಛಾಯೆ ಹಿಡಿಯುತ್ತದೆ.

ಕಾಟನ್ ಸೀರೆಗೆ ಅನ್ನ ಬಸಿದ ಗಂಜಿ. ಕುಕ್ಕರ್ ಇರುವ ಮನೆಯಲ್ಲಿ ವಾರಕ್ಕೊಂದು ದಿನ ಪಾತ್ರೆಯಲ್ಲಿ ಅನ್ನ ಬಸಿದರೂ ಸಾಕು. ಕುಚ್ಚಲಕ್ಕಿ ಗಂಜಿ ಬಿಳಿ ಬಟ್ಟೆಗೆ ಬಣ್ಣ ಹಿಡಿಸುತ್ತದೆ, ಬೆಳ್ತಿಗೆ ಅಕ್ಕಿಯದೇ ಆಗಬೇಕು. ಬಟ್ಟೆಯಲ್ಲಿ ಸೋಸಿ, ಒಂದು ಲೋಟ ಗಂಜಿಗೆ ನಾಲ್ಕು ಲೋಟ ನೀರು ಬೆರೆಸಿ, ಒಗೆದ ಒದ್ದೆ ಸೀರೆಯನ್ನು ಪೂರ್ತಿ ಅದ್ದಿ ಹಿಂಡಿ. ಒಣಹಾಕುವ ಮುಂಚೆ ಇಬ್ಬರು ಎರಡು ತುದಿ ಹಿಡಿದು ಜಗ್ಗಿದರೆ ಅರ್ಧ ಇಸ್ತ್ರಿ ಅಲ್ಲೇ ಆಗುತ್ತದೆ. ತಿಂಗಳುಗಟ್ಟಲೆ ಬೀರುವಿನಲ್ಲಿಡುವ ಸೀರೆಗೆ ಗಂಜಿ ಹಾಕಬೇಡಿ. ಬೆಳ್ಳಿಮೀನಿನ ಹುಳಕ್ಕೆ ಗಂಜಿಯೆಂದರೆ ಹಬ್ಬ.

ನಡುವೆ ಸವೆದ ಹಾಸು

ಬೆಡ್‌ಶೀಟ್ ಹರಿಯುವುದು ನಾವು ಮಲಗುವ ನಡುಭಾಗದಲ್ಲಿ. ಅಂಚು ಹೊಸದರ ಹಾಗೇ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ. ನಡುವೆ ಜಾಲರಿಯಂತೆ ಕಂಡರೆ, ಹರಿಯುವವರೆಗೆ ಕಾಯದೆ ಉದ್ದಕ್ಕೆ ನಟ್ಟನಡುವೆ ಕತ್ತರಿಸಿ. ಎರಡು ಹೋಳುಗಳ ಹೊರ ಅಂಚನ್ನು ಒಂದಕ್ಕೊಂದು ಸೇರಿಸಿ ಚಪ್ಪಟೆಯಾಗಿ ಹೊಲಿಯಿರಿ. ಸವೆದ ಭಾಗ ಈಗ ಎರಡು ಪಕ್ಕಕ್ಕೆ ಹೋಯಿತು. ಅಲ್ಲಿ ಹಿಂಜಿದ ನಾಲ್ಕು ಬೆರಳಗಲ ಕತ್ತರಿಸಿ ಅಂಚು ಮಡಿಸಿ ಹೊಲಿದರೆ, ಅದು ಹಾಸಿಗೆಯ ಕೆಳಗೆ ಸಿಕ್ಕಿಸುವ ಭಾಗವಾಗುತ್ತದೆ. ನಡುವೆ ಒಂದು ಹೊಲಿಗೆ ಗೆರೆ ಬರುತ್ತದೆ, ನಿಜ. ಎರಡು ರಾತ್ರಿಗೆ ಬೆನ್ನಿಗೆ ರೂಢಿಯಾಗುತ್ತದೆ.

ಕೌದಿ ಹೊಲಿಯುವ ಬಗೆ

ಹಾವೇರಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ದಸರಾ ಮುಂಚೆ ಹಾಸಿಗೆ ತೊಳೆಯುವ ದಿನ ಎಲ್ಲ ಕೌದಿಗಳೂ ಹಳ್ಳಕ್ಕೆ ಹೋಗುತ್ತಿದ್ದವು. ಒದ್ದೆ ಕೌದಿ ಎತ್ತಲು ಇಬ್ಬರು ಬೇಕು. ದಂಡೆಯ ಕಲ್ಲಿನ ಮೇಲೆ ಹರಡಿದಾಗ ಇದು ಅತ್ತೆಯ ಸೀರೆ, ಇದು ಚಿಕ್ಕಪ್ಪನ ಶಾಲೆಯ ಅಂಗಿ ಅಂತ ಗುರುತು ಹಚ್ಚುತ್ತಿದ್ದೆವು.

ಹೊಲಿಯುವುದಕ್ಕೆ ಹಳೆ ಕಾಟನ್ ಬಟ್ಟೆಯನ್ನೇ ಆರಿಸಿ. ಹೊಸ ತುಂಡು ಬೆರೆಸಿದರೆ ಮೊದಲ ಒಗೆತದಲ್ಲಿ ಅದು ಕುಗ್ಗಿ, ಪಕ್ಕದ ಹಳೆಯ ಬಟ್ಟೆಯನ್ನು ಹೊಲಿಗೆಯ ಗುಂಟ ಹರಿಯುತ್ತದೆ. ಗುಂಡಿ, ಜಿಪ್, ದಪ್ಪ ಮಡಿಕೆ ಎಲ್ಲ ಬಿಚ್ಚಿ ತೆಗೆದಿಡಿ. ಒಂದು ಸೀರೆಯನ್ನು ಬೇಕಾದ ಅಳತೆಗೆ ಮಡಚಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಭಾರ ಇಡಿ. ಅದರ ಮೇಲೆ ತುಂಡುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬೆರಳಗಲ ಏರುವಂತೆ ಜೋಡಿಸಿ. ಮೊದಲು ಅಲ್ಲಲ್ಲಿ ದೊಡ್ಡ ಹೊಲಿಗೆ ಹಾಕಿ ಹಿಡಿದಿಡಿ. ಆಮೇಲೆ ದಪ್ಪ ಸೂಜಿ, ದಪ್ಪ ಬಿಳಿ ನೂಲು. ಅಂಚಿನಿಂದ ಶುರು ಮಾಡಿ, ಕೆಳಗಿನ ಪದರದವರೆಗೂ ಸೂಜಿ ಇಳಿಯುವಂತೆ ಸಾಲಾಗಿ ಹೊಲಿಯಿರಿ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು. ನೂಲು ಬಿಗಿದು ಎಳೆಯಬೇಡಿ, ಕೌದಿ ಮುದುಡುತ್ತದೆ. ದಿನಕ್ಕೆ ಒಂದು ಗಂಟೆ ಕೂತರೂ ವಾರಗಳೇ ಬೇಕು, ಮೊದಲಿಗೆ ಮಗುವಿನ ಅಳತೆಯದನ್ನೇ ಹೊಲಿಯಿರಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ಧಿ ಸಮುದಾಯದ ಹೆಂಗಸರು ತಮ್ಮ ಕೌದಿಯನ್ನು (ಅವರ ಮಾತಿನಲ್ಲಿ ಕವಂದಿ) ಹೀಗೇ ಹೊರ ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಣ್ಣದ ಚೂರುಗಳನ್ನು ಮಡಚಿ ಹೂವು ಕೂರಿಸುತ್ತಾರೆ, ಅದಕ್ಕೆ 'ಫುಲ' ಅನ್ನುತ್ತಾರೆ. ಅಂಗೈಯಲ್ಲಿ ಮುಚ್ಚಿಹೋಗುವಂಥ ಚೂರಿಗೂ ಅಲ್ಲಿ ಜಾಗವಿದೆ.

ಪಂಚೆಯ ಕೊನೆಯ ಕೆಲಸಗಳು

ಸವೆದ ಪಂಚೆ ಅಡುಗೆಮನೆಗೆ ಚಿನ್ನ. ಬೇಸಿಗೆಯಲ್ಲಿ ಸಂಡಿಗೆ ಹಾಕಲು ಪ್ಲಾಸ್ಟಿಕ್ ಹಾಳೆಗಿಂತ ಇದೇ ವಾಸಿ. ಒದ್ದೆ ಮಾಡಿ ಹಿಂಡಿ ತಾರಸಿಯಲ್ಲಿ ಹರಡಿ, ಹಿಟ್ಟು ಇಡಿ. ಸಂಡಿಗೆ ಒಣಗಿದ ಮೇಲೆ ಬಟ್ಟೆ ಮಗುಚಿ ಹಿಂಬದಿಗೆ ನೀರು ಚಿಮುಕಿಸಿ ಎಳೆದರೆ, ಒಂದೂ ಮುರಿಯದೆ ಬಿಡುತ್ತದೆ. ಇನ್ನೊಂದು ತುಂಡು ಹೆಸರುಕಾಳು ಮೊಳಕೆ ಕಟ್ಟಲು, ಮತ್ತೊಂದು ಮೊಸರು ಸೋಸಲು. ಹುಟ್ಟಿದ ಮಗುವಿಗೆ ಇದಕ್ಕಿಂತ ಮೆತ್ತನೆಯ ಲಂಗೋಟಿ ಅಂಗಡಿಯಲ್ಲಿ ಸಿಗಲ್ಲ.

ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಕಾಟನ್ ಮಾತ್ರ, ನಾಲ್ಕು ಪದರ ಹೊಲಿದು. ಪಾಲಿಯೆಸ್ಟರ್ ಒಲೆಯ ಹತ್ತಿರ ಕರಗಿ ಕೈಗೆ ಅಂಟುತ್ತದೆ. ಯಾವುದು ಏನೆಂದು ತಿಳಿಯದಿದ್ದರೆ ಒಂದು ಹನಿ ನೀರು ಬಿಟ್ಟು ನೋಡಿ. ಸವೆದ ಕಾಟನ್ ತಕ್ಷಣ ಹೀರುತ್ತದೆ. ಹೀರದ್ದು ಧೂಳು ಒರೆಸಲು ಇರಲಿ.

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದಾಗಲೂ ಅವಸರ ಮಾಡಬೇಡಿ. ಹಳೆಯ ರೇಷ್ಮೆ ಸೀರೆಯ ಜರಿಯಲ್ಲಿ ಬೆಳ್ಳಿ ಇರಬಹುದು. ಜರಿ ಕೊಳ್ಳುವವರ ಹತ್ತಿರ ಮೊದಲು ಬೆಲೆ ಕೇಳಿ.

ಮಸಿಬಟ್ಟೆಯೂ ತೂತು ಬಿದ್ದ ಮೇಲೆ, ಎಣ್ಣೆ ಜಿಡ್ಡಿಲ್ಲದ ಕಾಟನ್ ಆದರೆ ಬೆರಳಿನಷ್ಟು ಚೂರು ಮಾಡಿ ಗೊಬ್ಬರದ ಕುಂಡಕ್ಕೆ ಹಾಕಿ, ಒದ್ದೆಯಾಗಿಡಿ. ಕೆಲವು ತಿಂಗಳು ಬಿಟ್ಟು ನಾನು ನಮ್ಮ ಕುಂಡ ಕೆದಕಿದಾಗ ಬಟ್ಟೆ ಇರಲಿಲ್ಲ. ಅಂಚಿಗೆ ಹಾಕಿದ್ದ ಪಾಲಿಯೆಸ್ಟರ್ ನೂಲು ಮಾತ್ರ ಹೊಲಿಗೆಯ ಆಕಾರದಲ್ಲೇ ಮಣ್ಣಿನಲ್ಲಿ ಸಿಕ್ಕಿತು. ಈಗ ಮಸಿಬಟ್ಟೆಯ ಅಂಚನ್ನೂ ಕಾಟನ್ ನೂಲಿನಲ್ಲೇ ಹೊಲಿಯುತ್ತೇನೆ.