ವ್ಯಾಪಾರ ಮಾಡಬಾರದು ಅನ್ನುವ ವೀಸಾದಲ್ಲಿ ವ್ಯಾಪಾರ ಕಲಿತಿದ್ದು

ಬ್ರಿಟನ್ನಿಗೆ ಆಂತ್ರಪ್ರೆನ್ಯೂರ್‌ಶಿಪ್ (ಸ್ವಂತ ಉದ್ಯಮ ಕಟ್ಟುವ ವಿದ್ಯೆ) ಓದಲು ಹೊರಟವರಿಗೆ ಮೊದಲೇ ಗೊತ್ತಿರಬೇಕಾದ ಒಂದು ಮಾತಿದೆ. ಸ್ಟೂಡೆಂಟ್ ವೀಸಾದಲ್ಲಿ ಓದುವಷ್ಟು ದಿನ ಅಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಬೇರೆಯವರ ಹತ್ತಿರ ಸಂಬಳಕ್ಕೆ ದುಡಿಯಬಹುದು, ಅಷ್ಟೇ. ಒಂದು ಡಬ್ಬಿ ಚಟ್ನಿಪುಡಿ ಮಾರಿದರೂ ನಿಯಮ ಮುರಿದಂತೆ. ನನ್ನ ಅರ್ಜಿ ತುಂಬಿಸಿದ ಕನ್ಸಲ್ಟೆನ್ಸಿಯವರು ಇದನ್ನು ಹೇಳಲೇ ಇಲ್ಲ. ಓದುತ್ತಲೇ ಕಂಪನಿ ಶುರು ಮಾಡಬಹುದು ಅನ್ನುವ ಆಸೆಗೆ ಸಾಲ ಮಾಡಿ ಬರುವವರು ತುಂಬಾ ಜನ ಇದ್ದಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾನು ಓದಿದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಒಂದು ವರ್ಷದ ಎಂಎಸ್ಸಿ. ಮಾರಬಾರದು ನಿಜ, ಆದರೆ ಕೇಳಬಾರದು ಅಂತ ಯಾರೂ ಹೇಳಿಲ್ಲವಲ್ಲ! ಕೋರ್ಸಿನ ಪ್ರಾಜೆಕ್ಟಿಗೆ ಧಾರವಾಡದ ಕಡೆಯ ಚಟ್ನಿಪುಡಿಯನ್ನೇ ಆರಿಸಿಕೊಂಡೆ. ಇಡೀ ವರ್ಷ ಜನರನ್ನು ಮಾತನಾಡಿಸುವುದೇ ಕೆಲಸವಾಯಿತು.

ಪಾಠದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಸರಸ್ ಸರಸ್ವತಿ ಅವರ ಸಂಶೋಧನೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರೊಫೆಸರ್ ಆದವರು. 27 ಮಂದಿ ಅನುಭವಿ ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ವ್ಯಾಪಾರವನ್ನು ಇಟ್ಟು, ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂತ ಕೇಳಿದರು. ಅವರು ಕಂಡುಕೊಂಡಿದ್ದು ಇದು: ಪಳಗಿದವರು ದೊಡ್ಡ ಗುರಿ ಇಟ್ಟುಕೊಂಡು ದುಡ್ಡು ಹುಡುಕಲು ಹೊರಡುವುದಿಲ್ಲ. ನಾನು ಯಾರು, ನನಗೆ ಏನು ಗೊತ್ತು, ಯಾರು ಗೊತ್ತು ಅನ್ನುವಲ್ಲಿಂದ ಶುರು ಮಾಡುತ್ತಾರೆ. ಎಷ್ಟು ಲಾಭ ಬರಬಹುದು ಅಂತ ಲೆಕ್ಕ ಹಾಕುವ ಮುಂಚೆ, ಎಷ್ಟು ಹೋದರೆ ತಡೆದುಕೊಳ್ಳಬಹುದು ಅಂತ ನೋಡುತ್ತಾರೆ. ಎಜುಕೇಷನ್ ಲೋನ್ ಇರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಅಂತ ನನ್ನ ಅನಿಸಿಕೆ. ಹೋದರೂ ಪರವಾಗಿಲ್ಲ ಅನ್ನುವ ಮೊತ್ತವನ್ನು ಆಗಲೇ ಬರೆದಿಟ್ಟುಕೊಂಡೆ. ಅದನ್ನು ಇವತ್ತಿಗೂ ದಾಟಿಲ್ಲ.

ವಾರದ 20 ಗಂಟೆಯನ್ನು ಬೆಲ್‌ಗ್ರೇವ್ ರೋಡಿನ ಒಂದು ದಿನಸಿ ಅಂಗಡಿಯಲ್ಲಿ ಕಳೆದೆ. ಲೆಸ್ಟರ್‌ನ ಗುಜರಾತಿಗಳ ಬೀದಿ ಅದು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಅವರಲ್ಲಿ ಗುಜರಾತಿಗಳೇ ಹೆಚ್ಚು. 27 ಸಾವಿರಕ್ಕೂ ಹೆಚ್ಚು ಜನ ಬ್ರಿಟನ್ನಿಗೆ ಬಂದರು. ಒಂದು ಕುಟುಂಬ ಜೊತೆಗೆ ತರಬಹುದಾಗಿದ್ದ ಹಣ 50 ಪೌಂಡ್ ಆಸುಪಾಸು. ಲೆಸ್ಟರ್ ನಗರಸಭೆಯಂತೂ ಉಗಾಂಡದ ಪತ್ರಿಕೆಯಲ್ಲಿ, ನಮ್ಮೂರಿಗೆ ಬರಬೇಡಿ ಅಂತ ಜಾಹೀರಾತೇ ಕೊಟ್ಟಿತ್ತು. ಆದರೂ ಸಾವಿರಾರು ಜನ ಬಂದರು, ಅಂಗಡಿ ತೆರೆದರು. ಈಗ ಅದೇ ಬೀದಿಯ ದೀಪಾವಳಿ ನೋಡಲು ಬೇರೆ ಊರುಗಳಿಂದ ಜನ ಬರುತ್ತಾರೆ.

ನಮ್ಮ ಅಂಗಡಿಯ ಯಜಮಾನರನ್ನು ಎಲ್ಲರ ಹಾಗೆ ನಾನೂ ಕಾಕಾ ಅನ್ನುತ್ತಿದ್ದೆ. ಅವರೂ ಹಾಗೆ ಬಂದ ಮನೆತನದವರೇ. ಯಾವ ಸಾಮಾನು ಕಣ್ಣಿನ ಮಟ್ಟಕ್ಕೆ ಇಡಬೇಕು, ಸಪ್ಲೈಯರ್ ಹತ್ತಿರ ಎಷ್ಟು ದಿನದ ಉದ್ರಿ ಕೇಳಬೇಕು, ತಾರೀಖು ಮುಗಿಯುತ್ತಾ ಬಂದ ಮಾಲನ್ನು ಯಾವಾಗ ಇಳಿಸಿ ಮಾರಬೇಕು, ಎಲ್ಲ ಅವರಿಂದಲೇ ಕಲಿತೆ. ನನ್ನ ಪುಡಿ ರುಚಿ ನೋಡಿ ಒಂದೇ ಮಾತು ಹೇಳಿದರು. "ಬೆಳ್ಳುಳ್ಳಿ ಹಾಕಿದೀಯಲ್ಲ ಬೇಟಾ, ನನ್ನ ಅರ್ಧ ಗಿರಾಕಿ ಮುಟ್ಟೋದಿಲ್ಲ."

ನಿಜ. ಅಲ್ಲಿ ಜೈನರು, ಸ್ವಾಮಿನಾರಾಯಣ ಪಂಥದವರು ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಅವ್ವನಿಗೆ ಫೋನ್ ಮಾಡಿ ಬೆಳ್ಳುಳ್ಳಿ ಇಲ್ಲದ ಅಗಸಿ ಚಟ್ನಿ, ಪುಟಾಣಿ ಚಟ್ನಿ ಕೇಳಿ ಬರೆದುಕೊಂಡೆ.

ಗಿರಾಕಿಗಳನ್ನು ಕೇಳುವುದಕ್ಕೂ ಒಂದು ಕ್ರಮ ಇದೆ. "ನೀವು ಇದನ್ನು ಕೊಳ್ಳುತ್ತೀರಾ?" ಅಂದರೆ ಇಂಗ್ಲಿಷರು ತುಂಬಾ ಚೆನ್ನಾಗಿದೆ ಅನ್ನುತ್ತಾರೆ. ಅದನ್ನು ನಂಬಿ ಡಬ್ಬಿ ತುಂಬಿಸುವಂತಿಲ್ಲ. ಹೋದ ವಾರ ಖಾರದ್ದು ಏನು ತಂದಿರಿ, ಎಷ್ಟು ಕೊಟ್ಟಿರಿ, ಬಾಟಲಿ ಮುಗಿಯಿತಾ ಅಂತ ಕೇಳಬೇಕು. ಆಗ ನಿಜ ಹೊರಗೆ ಬರುತ್ತದೆ. ಹೀಗೆ ಕೇಳುತ್ತಾ ಹೋದಾಗ ಗೊತ್ತಾಗಿದ್ದು, ಕನ್ನಡಿಗರು ನನ್ನ ದೊಡ್ಡ ಗಿರಾಕಿಗಳಲ್ಲ ಅಂತ. ರಾಜ್ಯೋತ್ಸವ, ಯುಗಾದಿಗೆ ಸಿಕ್ಕವರೆಲ್ಲ ಹೊಗಳಿದರು. ಆದರೆ ಊರಿಂದ ಯಾರಾದರೂ ಬಂದರೆ ಅವರ ಸೂಟ್‌ಕೇಸಿನಲ್ಲಿ ಅಮ್ಮನ ಪುಡಿ ಬಂದೇ ಬರುತ್ತದೆ, ದುಡ್ಡು ಕೊಟ್ಟು ಯಾಕೆ ತಗೋತಾರೆ? ನಿಜವಾದ ಆಸಕ್ತಿ ಇದ್ದಿದ್ದು ಹುರಿದ ಆಲೂಗಡ್ಡೆ, ಮೊಟ್ಟೆಯ ಮೇಲೆ ಉದುರಿಸಿಕೊಳ್ಳುವ ಇಂಗ್ಲಿಷರಿಗೆ, ಮತ್ತು ಬೆಳ್ಳುಳ್ಳಿ ಬೇಡ ಅನ್ನುವ ಗುಜರಾತಿ ಮನೆಗಳಿಗೆ.

ಕೋರ್ಸ್ ಮುಗಿದ ಮೇಲೆ, ಓದು ಮುಗಿಸಿದವರು ಅಲ್ಲೇ ಉಳಿದು ದುಡಿಯಲು ಸಿಗುವ ಗ್ರಾಜುಯೇಟ್ ವೀಸಾ ತಗೊಂಡೆ. ನನಗೆ ಸಿಕ್ಕಿದ್ದು ಎರಡು ವರ್ಷ. ಇದರಲ್ಲಿ ಸ್ವಂತ ವ್ಯಾಪಾರಕ್ಕೆ ಅವಕಾಶ ಇದೆ. ವೀಸಾ ಫೀಸು ಬೇರೆ, ಅಲ್ಲಿನ ಸರ್ಕಾರಿ ವೈದ್ಯ ಸೇವೆಗೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ಒಂದೇ ವರ್ಷಕ್ಕೆ 1,035 ಪೌಂಡ್, ಎರಡು ವರ್ಷದ್ದನ್ನೂ ಒಟ್ಟಿಗೆ ಕಟ್ಟಬೇಕು. ಓದುವಾಗಲೇ ಇದನ್ನು ತೆಗೆದಿಡದಿದ್ದರೆ ತುಂಬಾ ಕಷ್ಟ.

ಸೋಲ್ ಟ್ರೇಡರ್ ಆಗಿ, ಅಂದರೆ ಕಂಪನಿ ಮಾಡದೆ ನನ್ನ ಹೆಸರಲ್ಲೇ, ಶುರು ಮಾಡಿದೆ. ತಿನ್ನುವ ಪದಾರ್ಥ ಮಾರುವವರು 28 ದಿನ ಮುಂಚೆ ಸ್ಥಳೀಯ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಫೀಸಿಲ್ಲ. ಬಾಡಿಗೆ ಕೋಣೆಯ ಅಡುಗೆಮನೆಯಲ್ಲಿ ಸುಮ್ನೆ ಮಾಡಿ ಮಾರಲು ಆಗುವುದಿಲ್ಲ. ಹಾಗಾಗಿ ಗಂಟೆ ಲೆಕ್ಕದಲ್ಲಿ ಸಿಗುವ ಅಡುಗೆಮನೆ ಹಿಡಿದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದಿದ್ದು ಲೇಬಲ್. ಅಲರ್ಜಿ ತರುವ 14 ಪದಾರ್ಥಗಳನ್ನು ಪ್ಯಾಕೆಟ್ ಮೇಲೆ ಎದ್ದು ಕಾಣುವಂತೆ ಬರೆಯಬೇಕು. ಅದರಲ್ಲಿ ಶೇಂಗಾ ಇದೆ, ಎಳ್ಳು ಇದೆ, ಸಾಸಿವೆಯೂ ಇದೆ. ನಮ್ಮ ಮನೆಯ ಚಟ್ನಿ ಡಬ್ಬಿಗಳಲ್ಲಿ ಇರುವುದೇ ಅವು! ಇನ್ನು ಇಂಗು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗೋಧಿಯೂ ಆ ಪಟ್ಟಿಯಲ್ಲಿದೆ. ಲೇಬಲ್ ನಿಯಮಗಳು 2021ರಲ್ಲಿ ಇನ್ನೂ ಬಿಗಿಯಾದವು. ಅದಕ್ಕೆ ಕಾರಣ ಒಂದು ಸಾವು. ಎಳ್ಳಿನ ಅಲರ್ಜಿ ಇದ್ದ ನತಾಶಾ ಎಂಬ ಹುಡುಗಿ 2016ರಲ್ಲಿ ಒಂದು ಬ್ರೆಡ್ಡಿನ ತಿಂಡಿ ತಿಂದು ಸತ್ತಳು. ಅದರಲ್ಲಿ ಎಳ್ಳಿತ್ತು, ಪ್ಯಾಕೆಟ್ ಮೇಲೆ ಬರೆದಿರಲಿಲ್ಲ. ಆ ಕಥೆ ಓದಿದ ಮೇಲೆ ಲೇಬಲ್ಲಿನ ಕೆಲಸ ನನಗೆ ಕಿರಿಕಿರಿ ಅನಿಸಲೇ ಇಲ್ಲ.

ಈಗ ವಾರಾಂತ್ಯದ ಸಂತೆಗಳಲ್ಲಿ ಟೇಬಲ್ ಹಾಕುತ್ತೇನೆ. ಕಾಕಾ ಅಂಗಡಿಯಲ್ಲೂ ಪ್ಯಾಕೆಟ್ ಇದೆ. ವೀಸಾ ಮುಗಿದ ಮೇಲೆ ಅಲ್ಲೇ ಉದ್ಯಮಿಯಾಗಿ ಉಳಿಯಬೇಕಾದರೆ ಇನ್ನೋವೇಟರ್ ಫೌಂಡರ್ ವೀಸಾ ಬೇಕು. ಅದಕ್ಕೆ ನಿಮ್ಮ ಐಡಿಯಾ ಹೊಸದು, ದೊಡ್ಡದಾಗಿ ಬೆಳೆಯುವಂಥದ್ದು ಅಂತ ಅಧಿಕೃತ ಸಂಸ್ಥೆಯೊಂದು ಒಪ್ಪಬೇಕು. ಚಟ್ನಿಪುಡಿಗೆ ಅದು ಸಿಗುವ ನಂಬಿಕೆ ನನಗಿಲ್ಲ. ಅದಕ್ಕೇ ಧಾರವಾಡದಲ್ಲೇ ಪುಡಿ ಮಾಡಿಸಿ ಕಳಿಸುವ ತಯಾರಿ ನಡೆಸಿದ್ದೇನೆ. ಆಹಾರ ತಯಾರಿಸುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ರಫ್ತಿಗೆ ಬೇಕಾದ ಐಇಸಿ ನಂಬರ್, ಇವೆರಡನ್ನೂ ಊರಲ್ಲಿ ಅಣ್ಣ ನೋಡಿಕೊಳ್ಳುತ್ತಿದ್ದಾನೆ. ಬ್ರಿಟನ್ನಿನಲ್ಲಿ ಮಾರುವ ಪ್ಯಾಕೆಟ್ ಮೇಲೆ ಅಲ್ಲಿನ ವಿಳಾಸ ಇರಲೇಬೇಕು. ಆಮದುದಾರರಾಗಿ ತಮ್ಮ ಅಂಗಡಿಯ ವಿಳಾಸ ಹಾಕಿಕೋ ಅಂತ ಕಾಕಾ ಒಪ್ಪಿದ್ದಾರೆ. ಮೊದಲು ಒಂದೇ ಪೆಟ್ಟಿಗೆ ಕಳಿಸು, ಅದು ಖಾಲಿಯಾದ ಮೇಲೆ ಮುಂದಿನ ಮಾತು ಅಂದಿದ್ದಾರೆ.