ಕೆಲಸದ ನಡುವೆ ವಿಂಡೋಸ್ ಸಿಕ್ಕಿಕೊಂಡಾಗ: ಪವರ್ ಬಟನ್ ಒತ್ತುವ ಮೊದಲು ಏನು ಮಾಡಬೇಕು?

ಕೆಲಸದ ನಡುವೆ ಕಂಪ್ಯೂಟರ್ ಮರಗಟ್ಟಿ ನಿಂತರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡುವುದು ಬಹಳ ಮಂದಿಯ ರೂಢಿ. ಹಾಗೆ ಮಾಡಿದಾಗ ಸೇವ್ ಮಾಡದ ಬರಹವೆಲ್ಲ ಹೋಗುತ್ತದೆ. ಆ ಕ್ಷಣದಲ್ಲಿ ಡಿಸ್ಕಿಗೆ ಏನಾದರೂ ಬರೆಯಲಾಗುತ್ತಿದ್ದರೆ ಆ ಕಡತವೂ ಕೆಡಬಹುದು. ವಿಂಡೋಸ್‌ನಲ್ಲಿ ಪರದೆ, ಟಾಸ್ಕ್‌ಬಾರ್, ಮುದ್ರಣ, ಅಪ್‌ಡೇಟ್ ಇವೆಲ್ಲವನ್ನೂ ಬೇರೆ ಬೇರೆ ಪ್ರೋಗ್ರಾಂಗಳು ನೋಡಿಕೊಳ್ಳುತ್ತವೆ. ನಿಂತುಹೋದ ಭಾಗ ಯಾವುದೆಂದು ಗುರುತಿಸಿ, ಅದೊಂದನ್ನೇ ಮತ್ತೆ ಚಾಲನೆ ಮಾಡಿದರೆ ಎಷ್ಟೋ ಸಲ ಉಳಿದ ಕೆಲಸಕ್ಕೆ ಧಕ್ಕೆಯಾಗುವುದಿಲ್ಲ. ಮುಂದೆ ಹೇಳಿರುವ ಕ್ರಮಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ.

ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ವ್ಯವಸ್ಥೆ ಒಳಗೆ ಇನ್ನೂ ಎಚ್ಚರವಾಗಿದೆ ಎಂದು ತಿಳಿಯಬಹುದು. ಪರದೆ ಕಪ್ಪಾಗಿದ್ದರೆ ಅಥವಾ ಚಿತ್ರ ಕದಲದೆ ನಿಂತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಈ ಮೂರು ಕೀಲಿಗಳನ್ನು ಹಿಡಿದುಕೊಂಡು ‘ಬಿ’ ಅಕ್ಷರವನ್ನು ಒತ್ತಿ. ಪರದೆ ಒಮ್ಮೆ ಮಿನುಗುತ್ತದೆ, ಸಣ್ಣದೊಂದು ಬೀಪ್ ಸದ್ದೂ ಕೇಳಬಹುದು: ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ, ಮತ್ತೆ ಚಾಲನೆಗೊಂಡಿತೆಂಬುದಕ್ಕೆ ಅದು ಗುರುತು. ತೆರೆದಿಟ್ಟ ಪ್ರೋಗ್ರಾಂಗಳು ಹಾಗೆಯೇ ಉಳಿಯುತ್ತವೆ.

ಟಾಸ್ಕ್‌ಬಾರ್ ಇಲ್ಲವೇ ಸ್ಟಾರ್ಟ್ ಮೆನು ಮಾತ್ರ ಸ್ಪಂದಿಸದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸಸ್ ಪಟ್ಟಿಯಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಮೇಲೆ ಬಲ ಕ್ಲಿಕ್ ಮಾಡಿ ‘ರೀಸ್ಟಾರ್ಟ್’ ಆರಿಸಿ. ಆ ಹೊತ್ತಿನಲ್ಲಿ ಕಡತಗಳ ಕಾಪಿ ನಡೆಯುತ್ತಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನೆನಪಿರಲಿ.

ಮುದ್ರಣದ ಸರದಿ ಕಟ್ಟಿಕೊಂಡಾಗ

ಪ್ರಿಂಟರ್‌ಗೆ ಕಳಿಸಿದ ಒಂದು ಕಡತ ಸರದಿಯಲ್ಲಿ ಸಿಕ್ಕಿಕೊಂಡು, ಅದನ್ನು ಅಳಿಸಲು ಹೋದರೆ ‘ಡಿಲೀಟಿಂಗ್’ ಎಂದು ತೋರಿಸುತ್ತಾ ಗಂಟೆಗಟ್ಟಲೆ ಹಾಗೆಯೇ ಇರುವುದನ್ನು ಪ್ರಿಂಟರ್ ಬಳಸುವವರೆಲ್ಲ ಒಮ್ಮೆಯಾದರೂ ಕಂಡಿರುತ್ತಾರೆ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೂ ಅದು ಹೋಗದಿರುವುದಕ್ಕೆ ಕಾರಣವಿದೆ. ಮುದ್ರಣದ ಸರದಿಯನ್ನು ತೆರೆಮರೆಯಲ್ಲಿ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಎಂಬ ಸೇವೆಯು ಪ್ರತಿ ಮುದ್ರಣಕ್ಕೂ ಸಾಮಾನ್ಯವಾಗಿ ಎರಡು ಕಡತಗಳನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಎಸ್‌ಪಿಎಲ್ ಎಂದು ಕೊನೆಗೊಳ್ಳುವ ಕಡತದಲ್ಲಿ ಪುಟಗಳ ಹೂರಣವೂ, ಎಸ್‌ಎಚ್‌ಡಿ ಎಂದು ಕೊನೆಗೊಳ್ಳುವುದರಲ್ಲಿ ಆ ಕೆಲಸದ ವಿವರಗಳೂ ಇರುತ್ತವೆ. ಯಂತ್ರ ಮತ್ತೆ ಎದ್ದೊಡನೆ ಸ್ಪೂಲರ್ ಅದೇ ಕಡತಗಳನ್ನು ಓದಿ, ಮತ್ತೆ ಅಲ್ಲಿಯೇ ಎಡವುತ್ತದೆ.

ಪರಿಹಾರಕ್ಕಾಗಿ ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ, ಬರುವ ಚೌಕದಲ್ಲಿ ‘ಸರ್ವೀಸಸ್ ಡಾಟ್ ಎಂಎಸ್‌ಸಿ’ ಎಂಬುದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ತೆರೆಯುವ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಹುಡುಕಿ, ಬಲ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಬಳಿಕ ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಿ. ಅನುಮತಿ ಕೇಳಿದರೆ ‘ಕಂಟಿನ್ಯೂ’ ಒತ್ತಿ. ಒಳಗಿರುವ ಕಡತಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಮುಟ್ಟಬೇಡಿ. ಸರದಿಯಲ್ಲಿ ಕಾಯುತ್ತಿದ್ದ ಬೇರೆ ಮುದ್ರಣಗಳೂ ಇದರಿಂದ ಹೋಗುವುದರಿಂದ ಅವನ್ನು ಮತ್ತೆ ಕಳಿಸಬೇಕಾಗುತ್ತದೆ. ಕೊನೆಗೆ ಸ್ಪೂಲರ್‌ಗೆ ‘ಸ್ಟಾರ್ಟ್’ ಕೊಟ್ಟರೆ ಸರದಿ ತೆರವಾಗಿರುತ್ತದೆ.

ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ

ರಾತ್ರಿ ಆರಿಸಿ ಬೆಳಗ್ಗೆ ಹಾಕಿದರೂ ಅದೇ ತೊಂದರೆ ಮುಂದುವರಿಯುತ್ತಿದೆ ಎಂದು ದೂರುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. 2012ರಲ್ಲಿ ವಿಂಡೋಸ್ 8ರ ಜೊತೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಅನುಕೂಲ ಬಂದಿತು. ಅದು ಚಾಲ್ತಿಯಲ್ಲಿರುವ ಯಂತ್ರದಲ್ಲಿ ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆಯಾದರೂ, ವ್ಯವಸ್ಥೆಯ ತಿರುಳಾದ ಕರ್ನೆಲ್ ಮತ್ತು ಡ್ರೈವರ್‌ಗಳು ಇದ್ದ ಸ್ಥಿತಿಯನ್ನು ಡಿಸ್ಕಿನ ಒಂದು ಕಡತದಲ್ಲಿ ಬರೆದಿಟ್ಟು, ಮಾರನೆಯ ದಿನ ಅದನ್ನೇ ಮರಳಿ ತರಲಾಗುತ್ತದೆ. ಯಂತ್ರ ಬೇಗ ಏಳುವುದು ಇದರಿಂದಲೇ. ಕೆಟ್ಟ ಸ್ಥಿತಿಯಲ್ಲಿದ್ದ ವೈ-ಫೈ ಅಥವಾ ಧ್ವನಿಯ ಡ್ರೈವರ್ ಕೆಟ್ಟ ಸ್ಥಿತಿಯಲ್ಲೇ ಮರಳುವುದೂ ಇದರಿಂದಲೇ.

ಇದನ್ನು ಕಣ್ಣಾರೆ ನೋಡಬಹುದು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿದರೆ ಕೆಳಗೆ ‘ಅಪ್ ಟೈಮ್’ ಎಂದಿರುತ್ತದೆ. ಅಲ್ಲಿ 12:06:41:09 ಎಂದಿದ್ದರೆ 12 ದಿನ, 6 ಗಂಟೆ, 41 ನಿಮಿಷ, 9 ಸೆಕೆಂಡು ಎಂದರ್ಥ. ದಿನವೂ ಶಟ್‌ಡೌನ್ ಮಾಡುತ್ತಿದ್ದವರಿಗೂ ಇಂಥ ಸಂಖ್ಯೆ ಕಾಣಬಹುದು. ದೀರ್ಘಕಾಲ ಓಡುವ ವ್ಯವಸ್ಥೆಯಲ್ಲಿ ಕಾಲದ ಎಣಿಕೆಯೇ ತೊಂದರೆಯಾದ ಉದಾಹರಣೆಯೂ ಇದೆ. ವಿಂಡೋಸ್ 95 ಮತ್ತು 98ರಲ್ಲಿ ಮಿಲಿಸೆಕೆಂಡುಗಳನ್ನು 32 ಬಿಟ್‌ಗಳ ಎಣಿಕೆಯಲ್ಲಿ ಇಡುತ್ತಿದ್ದುದರಿಂದ, 4,29,49,67,296 ಮಿಲಿಸೆಕೆಂಡು, ಅಂದರೆ ಸುಮಾರು 49.7 ದಿನ ಕಳೆದಾಗ ಎಣಿಕೆ ಸೊನ್ನೆಗೆ ಮರಳಿ ಯಂತ್ರ ಸ್ತಬ್ಧವಾಗುವ ಸಾಧ್ಯತೆಯಿತ್ತು.

ಆದ್ದರಿಂದ ತೊಂದರೆಯಿದ್ದಾಗ ‘ರೀಸ್ಟಾರ್ಟ್’ ಆರಿಸಿ. ಅದರಲ್ಲಿ ಕರ್ನೆಲ್ ಹೊಸದಾಗಿಯೇ ಏಳುತ್ತದೆ. ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೂ ಯಂತ್ರ ಪೂರ್ತಿಯಾಗಿ ಆರುತ್ತದೆ. ಫಾಸ್ಟ್ ಸ್ಟಾರ್ಟಪ್ಪನ್ನೇ ಶಾಶ್ವತವಾಗಿ ನಿಲ್ಲಿಸಬೇಕೆಂದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗೆ ಸಂಬಂಧಿಸಿದ ಪುಟ ತೆರೆದು, ಸದ್ಯ ಬದಲಾಯಿಸಲಾಗದ ಆಯ್ಕೆಗಳನ್ನು ತೆರೆಯುವ ಕೊಂಡಿಯನ್ನು ಒತ್ತಿ, ‘ಫಾಸ್ಟ್ ಸ್ಟಾರ್ಟಪ್’ ಮುಂದಿನ ಗುರುತು ತೆಗೆಯಿರಿ. ಅದೇ ಯಂತ್ರದಲ್ಲಿ ವಿಂಡೋಸ್ ಜೊತೆ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯನ್ನೂ ಇಟ್ಟುಕೊಂಡವರು ಇದನ್ನು ತೆಗೆದುಬಿಡುವುದೇ ಒಳ್ಳೆಯದು.

ಅಪ್‌ಡೇಟ್ ಡೌನ್‌ಲೋಡ್ ಒಂದೇ ಅಂಕಿಯಲ್ಲಿ ನಿಂತಿದ್ದರೂ ಸ್ಪೂಲರಿನ ದಾರಿಯನ್ನೇ ಹಿಡಿಯಬಹುದು: ಸರ್ವೀಸಸ್ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಒಳಗಿನ ‘ಡೌನ್‌ಲೋಡ್’ ಫೋಲ್ಡರನ್ನು ಖಾಲಿ ಮಾಡಿ, ಸೇವೆಯನ್ನು ಮತ್ತೆ ಆರಂಭಿಸಿ. ನಿಮ್ಮ ಸ್ವಂತ ಕಡತಗಳು ಅಲ್ಲಿರುವುದಿಲ್ಲ.

ಇಷ್ಟಾದ ಮೇಲೂ ತೊಂದರೆ ಮರುಕಳಿಸುತ್ತಿದ್ದರೆ ಅದು ಎಂದು ಶುರುವಾಯಿತೆಂದು ನೋಡಬೇಕು. ಹುಡುಕುವ ಪೆಟ್ಟಿಗೆಯಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ‘ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ವಿಂಡೋಸ್‌ನಲ್ಲಿ ಇಷ್ಟು ಉಪಯುಕ್ತವಾಗಿದ್ದೂ ಇಷ್ಟು ಕಡಿಮೆ ಜನ ತೆರೆಯುವ ಪುಟ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ದಿನ ಯಾವ ಪ್ರೋಗ್ರಾಂ ಕುಸಿಯಿತೆಂಬುದು ಅಲ್ಲಿ ಕೆಂಪು ಗುರುತುಗಳಲ್ಲಿ ಕಾಣುತ್ತದೆ, ಹೊಸದಾಗಿ ಸೇರಿದ ಡ್ರೈವರ್ ಮತ್ತು ಅಪ್‌ಡೇಟ್‌ಗಳೂ ಅದೇ ದಿನಗಳ ಅಡಿಯಲ್ಲಿ ನಮೂದಾಗಿರುತ್ತವೆ. ಡ್ರೈವರ್ ಬಂದ ಮರುದಿನದಿಂದ ಕೆಂಪು ಗುರುತುಗಳು ಸಾಲುಗಟ್ಟಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು, ಡ್ರೈವರ್ ವಿಭಾಗದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಿಂದಿನ ಆವೃತ್ತಿಗೆ ಮರಳಬಹುದು. ಆ ಬಟನ್ ಮಂಕಾಗಿದ್ದರೆ ಹಳೆಯ ಆವೃತ್ತಿ ಯಂತ್ರದಲ್ಲಿ ಉಳಿದಿಲ್ಲವೆಂದರ್ಥ. ಆಗ ಸಾಧನ ತಯಾರಿಸಿದವರ ತಾಣದಿಂದಲೇ ಅದನ್ನು ತರಿಸಿಕೊಳ್ಳಬೇಕಾಗುತ್ತದೆ.