ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಿಕ್ಸೋಮಾ ಎಂಬ ಗಡ್ಡೆ ಕಂಡರೆ ಏನು ಮಾಡಬೇಕು

ಹೃದಯದಲ್ಲಿ ಗಡ್ಡೆ ಅಂದ ತಕ್ಷಣ ಕ್ಯಾನ್ಸರ್ ಅಂದುಕೊಳ್ಳಬೇಡಿ. ಹೃದಯದಲ್ಲೇ ಹುಟ್ಟುವ ಗಡ್ಡೆಗಳು ಅಪರೂಪ, ಅವುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ದೊಡ್ಡವರಲ್ಲಿ ಜಾಸ್ತಿ ಕಾಣುವುದು ಮಿಕ್ಸೋಮಾ, ಅದೂ ಸಾಮಾನ್ಯವಾಗಿ ಎಡ ಮೇಲ್ಕೋಣೆಯಲ್ಲಿ.

ಹಾಗಂತ ಸುಮ್ನೆ ಬಿಡುವಂತಿಲ್ಲ. ಅದು ಕವಾಟಕ್ಕೆ ಅಡ್ಡ ಬಂದರೆ ಏದುಸಿರು, ತಲೆಸುತ್ತು ಬರುತ್ತದೆ, ಒಂದು ಚೂರು ಕಳಚಿ ರಕ್ತದ ಜೊತೆ ಮೆದುಳಿಗೆ ಹೋದರೆ ಸ್ಟ್ರೋಕ್ ಆಗಬಹುದು. ಕೆಲವರಿಗೆ ಜ್ವರ, ತೂಕ ಇಳಿಯುವುದು ಅಷ್ಟೇ ಇರುತ್ತದೆ. ಮಗ್ಗುಲು ಬದಲಿಸಿದಾಗ ಉಸಿರಾಟ ಹೆಚ್ಚು ಕಡಿಮೆ ಆಗುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಮೊದಲು ಎದೆಯ ಎಕೋ. ಸ್ಪಷ್ಟವಾಗದಿದ್ದರೆ ಅನ್ನನಾಳದ ಮೂಲಕ ಮಾಡುವ ಎಕೋ, ಹೆಪ್ಪುಗಟ್ಟಿದ ರಕ್ತವೋ ಗಡ್ಡೆಯೋ ಅನ್ನುವ ಅನುಮಾನವಿದ್ದರೆ ಎಂಆರ್‌ಐ.

ಇದಕ್ಕೆ ಮಾತ್ರೆ ಇಲ್ಲ, ಆಪರೇಷನ್ನೇ ದಾರಿ, ತಡ ಮಾಡಬೇಡಿ. ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷೀನ್ ಹಾಕಿ, ಗಡ್ಡೆಯನ್ನು ಅದರ ಬುಡದ ಸಮೇತ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬೆಂಗಳೂರಲ್ಲಾದರೆ ಬನ್ನೇರುಘಟ್ಟ ರಸ್ತೆಯ ಜಯದೇವ ಸರ್ಕಾರಿ ಹೃದ್ರೋಗ ಸಂಸ್ಥೆಗೆ ಹೋಗಬಹುದು. ಹೋಗುವಾಗ ಹಳೇ ರಿಪೋರ್ಟ್, ಆಧಾರ್, ಬಿಪಿಎಲ್ ಕಾರ್ಡ್ ಇಟ್ಟುಕೊಂಡಿರಿ.

ಮಕ್ಕಳ ಹೃದಯದಲ್ಲಿ ಬರುವ ರಾಬ್ಡೋಮಯೋಮಾ ಅನ್ನುವ ಗಡ್ಡೆ ಬೇರೆ, ಅದು ಬಹಳಷ್ಟು ಸಲ ತಾನಾಗಿಯೇ ಕರಗುತ್ತದೆ. ಮಿಕ್ಸೋಮಾ ತೆಗೆದ ಮೇಲೆ ಡಾಕ್ಟರ್ ಹೇಳಿದಷ್ಟು ವರ್ಷ ಎಕೋ ಮಾಡಿಸುತ್ತಿರಿ. ಮನೆಯಲ್ಲಿ ಇನ್ನೊಬ್ಬರಿಗೂ ಇದೇ ಗಡ್ಡೆ ಇದ್ದರೆ ಉಳಿದವರಿಗೂ ಎಕೋ ಬೇಕಾ ಅಂತ ಕೇಳಿ.